ತುಮಕೂರಿನ ಆ ಪಾಸ್ತಾ ಹೋಟೆಲ್‌ಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಬಹುದಾ?

ಹೋಗಿ. ಆದರೆ ಭಾನುವಾರ ರಾತ್ರಿ ಮಾತ್ರ ಬೇಡ.

ಅಪ್ಪ-ಅಮ್ಮನ ಮದುವೆಗೆ 40 ವರ್ಷ ತುಂಬುತ್ತಿದೆ, ಆ ದಿನ ಭಾನುವಾರ ಬಿದ್ದಿದೆ, ಎಂಟು ಜನ ರಾತ್ರಿ ಊಟಕ್ಕೆ ಹೋಗಬೇಕು ಅಂತ ಬರೆದಿದ್ದೀರಿ. ಹೋಗಿ ಬಂದವರಲ್ಲಿ ಅರ್ಧ ಜನ 'ಬೆಂಗಳೂರಿಗೆ ಹೋಗೋದೇ ಬೇಡ, ಅಷ್ಟು ಚೆನ್ನಾಗಿದೆ' ಅಂತಾರೆ, ಇನ್ನರ್ಧ ಜನ 'ದುಡ್ಡು ದಂಡ' ಅಂತಾರೆ, ಯಾರನ್ನು ನಂಬಲಿ ಅನ್ನೋದು ನಿಮ್ಮ ಪ್ರಶ್ನೆ. ಹೋಟೆಲ್ ಯಾವುದು ಅಂತ ಊರಿನವರಿಗೆ ಗೊತ್ತಾಗುತ್ತದೆ, ಹೆಸರು ಹೇಳಲ್ಲ. ನಾನು ಒಂದೂವರೆ ವರ್ಷದಲ್ಲಿ ಐದು ಸಲ ಹೋಗಿದ್ದೇನೆ. ಎರಡೂ ಕಡೆಯವರು ಹೇಳುತ್ತಿರುವುದು ನಿಜ. ಎರಡೂ ನನಗೇ ಆಗಿದೆ, ಅದೂ ಒಂದೇ ತಿಂಗಳಲ್ಲಿ.

ಮೊದಲು ಕೆಟ್ಟದ್ದು ಹೇಳುತ್ತೇನೆ. ಭಾನುವಾರ ರಾತ್ರಿ ಎಂಟೂವರೆ. ನಾವು ಆರು ಜನ. ಎಲ್ಲ ಮೇಜೂ ಭರ್ತಿ, ಬಾಗಿಲ ಹತ್ತಿರ ಇನ್ನೂ ಎರಡು ಸಂಸಾರ ನಿಂತಿತ್ತು. ಆರು ಜನ ಆರು ಬಗೆ ಹೇಳಿದೆವು. ಮೊದಲ ತಟ್ಟೆ ಬರುವುದಕ್ಕೆ ಮುಕ್ಕಾಲು ಗಂಟೆ ಆಯಿತು. ಅದೂ ಒಬ್ಬರಿಗೆ ಮಾತ್ರ. ಅವರು ತಿಂದು ಮುಗಿಸುವ ಹೊತ್ತಿಗೆ ಇನ್ನಿಬ್ಬರದ್ದು ಬಂತು. ನನ್ನದು ವೈಟ್ ಸಾಸ್ ಪೆನ್ನೆ, ಅಂದರೆ ಕೊಳವೆ ಥರದ ಪಾಸ್ತಾ. ಫೋರ್ಕ್ ಹಾಕಿ ಎತ್ತಿದರೆ ತಟ್ಟೆಯಲ್ಲಿದ್ದ ಪಾಸ್ತಾ ಎಲ್ಲಾ ಒಂದೇ ಮುದ್ದೆಯಾಗಿ ಮೇಲೆ ಬಂತು. ಸಾಸ್ ಮೇಲೆ ಹಾಲಿನ ಕೆನೆ ಥರ ಪೊರೆ ಕಟ್ಟಿತ್ತು. ಬಾಯಿಗಿಟ್ಟರೆ ಹಸಿ ಮೈದಾ ವಾಸನೆ. ಪಕ್ಕದವರ ಪಿಜ್ಜಾ ಅಂಚಿನಲ್ಲಿ ಕೆಂಪಗಾಗಿತ್ತು, ನಡುವೆ ಒದ್ದೆ ಒದ್ದೆ. ಆ ರಾತ್ರಿ ಮನೆಗೆ ಬಂದು ಯಾರಾದರೂ ಒಂದೇ ಒಂದು ಸ್ಟಾರ್ ಕೊಟ್ಟಿದ್ದರೆ ನಾನು ತಪ್ಪು ಅನ್ನುತ್ತಿರಲಿಲ್ಲ.

ಎರಡು ವಾರ ಕಳೆದು ಅಮ್ಮನನ್ನು ಸಿದ್ಧಗಂಗಾ ಮಠಕ್ಕೆ ಕರೆದುಕೊಂಡು ಹೋಗಿದ್ದೆ. ಬುಧವಾರ. ವಾಪಸ್ ಬರುವಾಗ ಅಮ್ಮನೇ, 'ಅದೇನೋ ಇಟಲಿ ಹೋಟೆಲ್ ಅಂತೀಯಲ್ಲ, ತೋರಿಸು' ಅಂದರು. ಮಧ್ಯಾಹ್ನ 12:30ಕ್ಕೆ ಒಳಗೆ ಹೋದೆವು. ನಮ್ಮನ್ನು ಬಿಟ್ಟರೆ ಎಂಜಿನಿಯರಿಂಗ್ ಕಾಲೇಜಿನ ಹುಡುಗರ ಒಂದು ಗುಂಪು, ಅಷ್ಟೇ. ಅಡುಗೆಮನೆಗೆ ಗಾಜಿನ ಗೋಡೆ ಇದೆ ಅಲ್ವಾ, ಅದರ ಎದುರಿನ ಮೇಜಿಗೇ ಕೂತೆವು. ಆವತ್ತು ನನಗೆ ಎಲ್ಲಾ ಅರ್ಥವಾಯಿತು.

ಒಳಗಿರುವುದು ಒಂದೇ ಓವನ್. ಒಂದು ಸಲಕ್ಕೆ ಎರಡು ಪಿಜ್ಜಾ ಹಿಡಿಯುತ್ತದೆ. ನಮ್ಮ ಪಿಜ್ಜಾ ಒಳಗೆ ಹೋಗಿ ಹೊರಗೆ ಬರಲು 9 ನಿಮಿಷ ಆಯಿತು, ಗಡಿಯಾರ ನೋಡಿದೆ. ಎಂಟು ಜನ ಎಂಟು ಪಿಜ್ಜಾ ಹೇಳಿದರೆ ನಾಲ್ಕು ಸರದಿ, 36 ನಿಮಿಷ. ಅದೂ ಬೇರೆ ಯಾವ ಮೇಜಿನವರೂ ಪಿಜ್ಜಾ ಹೇಳದೇ ಇದ್ದರೆ. ಭಾನುವಾರ ರಾತ್ರಿ ಹತ್ತು ಮೇಜಿನವರು ಹೇಳಿರುತ್ತಾರೆ. ಆಗ ಅಡುಗೆ ಹುಡುಗರು ಪೂರ್ತಿ ಬೇಯುವ ಮೊದಲೇ ತೆಗೆಯುತ್ತಾರೆ. ನಡುವೆ ಒದ್ದೆ ಇರೋದು ಅದಕ್ಕೇ. ಇಟಲಿಯ ನೇಪಲ್ಸ್ ಊರಿನಲ್ಲಿ ಕಟ್ಟಿಗೆ ಒಲೆ, 450 ಡಿಗ್ರಿ ಸೆಲ್ಸಿಯಸ್ ಆಸುಪಾಸು ಶಾಖ, ಒಂದರಿಂದ ಒಂದೂವರೆ ನಿಮಿಷಕ್ಕೆ ಪಿಜ್ಜಾ ತಯಾರು. ಅಲ್ಲಿನ ಪಿಜ್ಜಾ ಮಾಡುವವರ ಕೈಚಳಕವನ್ನು 2017ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೂ ಸೇರಿಸಿತು. ಇಲ್ಲಿರುವುದು ಕರೆಂಟ್ ಓವನ್. ಅದರಿಂದ ಆ ಥರದ ಉಬ್ಬಿದ, ಅಲ್ಲಲ್ಲಿ ಸುಟ್ಟ ಅಂಚು ಬರಲ್ಲ. ಗರಿಗರಿಯಾದ ಬೇರೆ ಥರದ್ದು ಬರುತ್ತದೆ. ಸಮಯ ಕೊಟ್ಟರೆ ಅದೂ ಚೆನ್ನಾಗಿಯೇ ಇರುತ್ತದೆ.

ಪಾಸ್ತಾ ಕಥೆ ಇನ್ನೂ ಸೂಕ್ಷ್ಮ. ಬೆಳಿಗ್ಗೆಯೇ ಅರ್ಧ ಬೇಯಿಸಿ, ಎಣ್ಣೆ ಸವರಿ ಡಬ್ಬಿಗಳಲ್ಲಿ ಇಟ್ಟಿರುತ್ತಾರೆ. ಇದು ತಪ್ಪಲ್ಲ, ಎಷ್ಟೋ ದೊಡ್ಡ ಹೋಟೆಲ್‌ಗಳೂ ಹೀಗೇ ಮಾಡುತ್ತವೆ. ಆರ್ಡರ್ ಬಂದ ಮೇಲೆ ಬಾಣಲೆಯಲ್ಲಿ ಸಾಸ್ ಜೊತೆ ಕೊನೆಯ ಎರಡು ಮೂರು ನಿಮಿಷ ಬೇಯಿಸಬೇಕು. ಬುಧವಾರ ಆ ಅಡುಗೆ ಹುಡುಗ ಒಂದು ಬಾಣಲೆಗೆ ಒಂದೇ ತಟ್ಟೆಯಷ್ಟು ಹಾಕಿದ. ಪಾಸ್ತಾ ಬೆಂದ ನೀರನ್ನು ಒಂದು ಸೌಟು ಸುರಿದ. ಬಾಣಲೆ ಎತ್ತಿ ಎತ್ತಿ ಆಡಿಸಿದ. ಆ ನೀರಿನಲ್ಲಿ ಗಂಜಿ ಇರುತ್ತದೆ, ಅದೇ ಎಣ್ಣೆಯನ್ನೂ ನೀರನ್ನೂ ಹಿಡಿದು ಕೂಡಿಸುತ್ತದೆ. ಇಳಿಸಿದ ಮೇಲೆ ನಮ್ಮ ಮೇಜಿಗೆ ಬರಲು ಒಂದು ನಿಮಿಷವೂ ಆಗಲಿಲ್ಲ.

ಭಾನುವಾರ ಏನಾಗುತ್ತದೆ? ನಾಲ್ಕು ತಟ್ಟೆಯದ್ದು ಒಂದೇ ಬಾಣಲೆಗೆ ಬೀಳುತ್ತದೆ. ವೈಟ್ ಸಾಸ್ ಅಂದರೆ ಬೆಣ್ಣೆಯಲ್ಲಿ ಮೈದಾ ಹುರಿದು ಹಾಲು ಹಾಕಿ ಕುದಿಸಿದ್ದು. ಅವಸರದಲ್ಲಿ ಹುರಿದರೆ ಹಸಿ ವಾಸನೆ ಹೋಗಲ್ಲ. ಮಾಡಿದ ಮೇಲೂ ಬಡಿಸುವ ಹುಡುಗ ಬೇರೆ ಮೇಜಿನಲ್ಲಿ ಸಿಕ್ಕಿಹಾಕಿಕೊಂಡಿರುತ್ತಾನೆ, ತಟ್ಟೆ ಕಟ್ಟೆಯ ಮೇಲೆ ಕಾಯುತ್ತಿರುತ್ತದೆ. ಗಂಜಿ ಆರಿದರೆ ಗಟ್ಟಿ ಆಗಲ್ವಾ? ಅದೇ ಇಲ್ಲೂ. ನನ್ನ ತಟ್ಟೆಯ ಮುದ್ದೆ ಹುಟ್ಟಿದ್ದು ಹೀಗೆ.

ಅಮ್ಮ ಗಾಜಿನಾಚೆ ನೋಡುತ್ತಾ ಒಂದು ಮಾತು ಹೇಳಿದರು: 'ಒತ್ತು ಶಾವಿಗೆ ಥರ. ಬಿಸಿ ಇರುವಾಗ ಒತ್ತಬೇಕು, ಬಿಸಿ ಇರುವಾಗ ಕಲಸಬೇಕು. ಆರಿದ ಮೇಲೆ ಒರಳು ಮುರಿದರೂ ಆಗಲ್ಲ.' ಮನೆಯಲ್ಲಿ ಶಾವಿಗೆ ಮಾಡುವ ದಿನ ನೆಂಟರು ತಡವಾಗಿ ಬಂದರೆ ಅಮ್ಮನಿಗೆ ಎಷ್ಟು ಸಿಟ್ಟು ಬರುತ್ತಿತ್ತು ಅಂತ ನನಗೆ ಚೆನ್ನಾಗಿ ನೆನಪಿದೆ.

ನಮ್ಮ ಊರಿನವರಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಕ್ಯಾತ್ಸಂದ್ರದಲ್ಲಿ ನಿಂತು ತಿಂದ ತಟ್ಟೆ ಇಡ್ಲಿಯೇ ಬೇರೆ, ಅದನ್ನೇ ಕಟ್ಟಿಸಿಕೊಂಡು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ತಿಂದರೆ ಬೇರೆ. ಆದರೆ ಅಲ್ಲಿ ಎಷ್ಟು ಜನ ಬಂದರೂ ಸುಧಾರಿಸುತ್ತಾರೆ. ಯಾಕೆಂದರೆ ಬಂದವರಿಗೆಲ್ಲ ಅದೇ ಇಡ್ಲಿ, ಅದೇ ಚಟ್ನಿ. ಈ ಹೋಟೆಲ್‌ನ ನಿಜವಾದ ತಪ್ಪು ನನ್ನ ಪ್ರಕಾರ ಇಲ್ಲಿದೆ. ಅಡುಗೆಮನೆಯಲ್ಲಿ ಇರುವುದು ಇಬ್ಬರು. ಮೆನುವಿನಲ್ಲಿ ಪಿಜ್ಜಾ, ಪಾಸ್ತಾ, ಲಸಾನ್ಯಾ, ರಿಸೊಟ್ಟೊ, ಬರ್ಗರ್, ಮೊಮೊ, ಅದರ ಮೇಲೆ ಫ್ರೈಡ್ ರೈಸ್. ಅರ್ಧದಷ್ಟು ಐಟಂ ತೆಗೆದುಹಾಕಿದರೆ ಭಾನುವಾರವೂ ಗೆಲ್ಲುತ್ತಾರೆ. ಮಾಲೀಕರ ಹತ್ತಿರ ಇದನ್ನು ಹೇಳಿದ್ದೇನೆ. ನೀವೂ ಹೇಳಿ.

ಈಗ ನೀವು ಓದಿದ ಅಭಿಪ್ರಾಯಗಳ ವಿಷಯ. ಎಷ್ಟು ಸ್ಟಾರ್ ಅಂತ ನೋಡಬೇಡಿ. ಯಾವ ದಿನ, ಎಷ್ಟು ಜನ, ಏನು ತಿಂದರು ಅಂತ ನೋಡಿ. 'ಪಾಸ್ತಾ ಬೆಂದೇ ಇರಲಿಲ್ಲ' ಅನ್ನುವ ದೂರು ತುಂಬ ಇದೆ. ಅದರಲ್ಲಿ ಬಹಳಷ್ಟು ದೂರು ಅಡುಗೆಯದ್ದಲ್ಲ, ರೂಢಿಯದ್ದು. ಇಟಲಿಯವರು ಪಾಸ್ತಾವನ್ನು ಹಲ್ಲಿಗೆ ಸ್ವಲ್ಪ ತಡೆಯುವ ಹಾಗೆ ಬೇಯಿಸುತ್ತಾರೆ. 'ಅಲ್ ದೆಂತೆ' ಅನ್ನುವ ಅವರ ಮಾತಿನ ಅರ್ಥವೇ 'ಹಲ್ಲಿಗೆ' ಅಂತ. ಅದು ಡ್ಯೂರಂ ಅನ್ನುವ ಗಟ್ಟಿ ಗೋಧಿಯ ರವೆಯಿಂದ ಮಾಡಿದ್ದು. ನಮ್ಮ ಬನ್ಸಿ ರವೆಯೂ ಅದೇ ಜಾತಿಯ ಗೋಧಿ. ಬನ್ಸಿ ರವೆ ಉಪ್ಪಿಟ್ಟು ಉದುರುದುರಾಗಿ ನಿಲ್ಲುತ್ತದಲ್ಲ, ಆ ಗುಣವೇ ಪಾಸ್ತಾದಲ್ಲೂ ಇರುವುದು. ಮೆತ್ತಗೆ ಬೇಕು ಅಂದರೆ ಆರ್ಡರ್ ಮಾಡುವಾಗಲೇ ಹೇಳಿ, ಇನ್ನೆರಡು ನಿಮಿಷ ಬೇಯಿಸಿ ಕೊಡುತ್ತಾರೆ. ನಿಮ್ಮ ಅಪ್ಪ-ಅಮ್ಮನಿಗೆ ಹಾಗೇ ಹೇಳುವುದು ಒಳ್ಳೆಯದು.

ಇನ್ನೊಂದು ಥರದ ದೂರು ವಿದೇಶ ನೋಡಿ ಬಂದವರದ್ದು. 'ಇದು ಇಟಾಲಿಯನ್ನೇ ಅಲ್ಲ' ಅಂತ. ಅವರ ಮಾತಲ್ಲಿ ಸತ್ಯ ಇದೆ. ರೋಮ್‌ನ ಕಾರ್ಬೊನಾರಾ ಪಾಸ್ತಾಕ್ಕೆ ಕ್ರೀಮ್ ಹಾಕಲ್ಲ, ಮೊಟ್ಟೆ ಮತ್ತು ಚೀಸ್‌ನಿಂದಲೇ ಅದು ನುಣುಪಾಗುವುದು. ಚೀಸ್ ಸುರಿದ ಗಾರ್ಲಿಕ್ ಬ್ರೆಡ್ ಬೆಳೆದದ್ದು ಅಮೆರಿಕದಲ್ಲಿ. ಪನೀರ್, ಸ್ವೀಟ್ ಕಾರ್ನ್ ನಾವು ಸೇರಿಸಿದ್ದು. ಆದರೆ ಟೊಮೇಟೊ ಕೂಡ ಇಟಲಿಯದ್ದಲ್ಲ, ಅಮೆರಿಕ ಖಂಡದಿಂದ 16ನೇ ಶತಮಾನದಲ್ಲಿ ಅಲ್ಲಿಗೆ ಹೋದದ್ದು. ಊಟ ಊರಿಂದ ಊರಿಗೆ ಹೋದಾಗ ಬದಲಾಗುತ್ತದೆ. ನಾನು ತುಮಕೂರಿನಲ್ಲಿ ಕೂತು ರೋಮ್ ಹುಡುಕಲ್ಲ. ಬಿಸಿಯಾಗಿ, ಹದವಾಗಿ, ಉಪ್ಪು ಸರಿಯಾಗಿ ಇದ್ದರೆ ನನಗೆ ಸಾಕು.

'ಹಸಿ ಮೈದಾ ವಾಸನೆ', 'ತಣ್ಣಗಿತ್ತು', 'ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಬಂತು' ಅನ್ನುವ ದೂರುಗಳನ್ನು ನಂಬಿ. ಅವು ನಿಜವಾದ ತಪ್ಪುಗಳು. ಹೆಚ್ಚುಕಮ್ಮಿ ಎಲ್ಲವೂ ಶನಿವಾರ, ಭಾನುವಾರದ ರಾತ್ರಿಯವು, ಬೇಕಾದರೆ ತಾರೀಖು ನೋಡಿ. ಬಡಿಸುವ ಹುಡುಗರನ್ನು ಬೈದು ಬರೆದವರ ಬಗ್ಗೆ ಮಾತ್ರ ನನಗೆ ಬೇಸರವಿದೆ. ತಡ ಆಗುವುದು ಓವನ್‌ನಿಂದ, ಬೈಸಿಕೊಳ್ಳುವುದು ಅವರು. ಆ ಭಾನುವಾರ ನಮ್ಮ ಮೇಜಿನ ಹುಡುಗ ನಾಲ್ಕು ಸಲ ಬಂದು 'ಸಾರಿ ಸರ್, ಈಗ ಬಂತು' ಅಂದ. ಅವನ ಶರ್ಟಿನ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಬುಧವಾರ ಬಂದವನೂ ಅದೇ ಹುಡುಗ. ಮೆನು ಪೂರ್ತಿ ಇಂಗ್ಲಿಷ್‌ನಲ್ಲಿದೆ. ತುಮಕೂರಿನಲ್ಲಿ ಅಂಗಡಿ ಇಟ್ಟು ಕನ್ನಡದಲ್ಲಿ ಒಂದು ಮೆನು ಮಾಡಿಸದೇ ಇರುವುದು ನನಗೆ ಸರಿ ಕಾಣಲ್ಲ. ಅಮ್ಮ ಕಾರ್ಡ್ ತಿರುಗಿಸಿ ಮುರುಗಿಸಿ ನೋಡಿ ಕೆಳಗಿಟ್ಟರು. ಅವನು ಅದನ್ನು ನೋಡಿದ. ಪಕ್ಕಕ್ಕೆ ಬಂದು ಬಗ್ಗಿ ನಿಂತು, ಒಂದೊಂದರ ಮೇಲೂ ಬೆರಳಿಟ್ಟು ಹೇಳಿದ. 'ಇದು ಹಾಲು, ಮೈದಾ, ಚೀಸ್ ಅಮ್ಮ, ಸ್ವಲ್ಪ ಸಪ್ಪೆ ಇರುತ್ತೆ. ಇದು ಟೊಮೇಟೊ, ಹುಳಿ ಇರುತ್ತೆ. ಇದರಲ್ಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಎಣ್ಣೆ, ಅಷ್ಟೇ. ನಿಮಗೆ ಇದು ಇಷ್ಟ ಆಗಬಹುದು.' ಅದು ಆಲ್ಯೊ ಓಲಿಯೊ ಸ್ಪಗೆಟಿ. ಬೆಳ್ಳುಳ್ಳಿಯನ್ನು ತೆಳ್ಳಗೆ ಹೆಚ್ಚಿ ಹೊಂಬಣ್ಣ ಬರುವವರೆಗೆ ಮಾತ್ರ ಹುರಿದಿದ್ದರು, ಒಂದು ಚೂರೂ ಸೀದಿರಲಿಲ್ಲ. ಅಮ್ಮ ಚಮಚದಲ್ಲಿ ತುಂಡು ಮಾಡಿಕೊಂಡು ತಟ್ಟೆ ಖಾಲಿ ಮಾಡಿದರು. ಹೊಸ ಜಾಗದಲ್ಲಿ ಅಮ್ಮ ತಟ್ಟೆ ಖಾಲಿ ಮಾಡಿದ್ದು ನಾನು ನೋಡಿರುವುದು ಕಡಿಮೆ.

ಮನೆಯಲ್ಲಿ ಶುದ್ಧ ಸಸ್ಯಾಹಾರಿಗಳಿದ್ದರೆ ಒಂದು ವಿಷಯ ಗಮನಿಸಿ. ಇಟಲಿಯ ಅಸಲಿ ಪಾರ್ಮೆಜಾನ್ ಚೀಸ್ ಮಾಡುವಾಗ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಅನ್ನುವ ಕಿಣ್ವ ಬಳಸುತ್ತಾರೆ. ಅದನ್ನು ಬಿಟ್ಟು ಮಾಡುವ ಹಾಗಿಲ್ಲ, ಅಲ್ಲಿನ ನಿಯಮವೇ ಹಾಗಿದೆ. ನಮ್ಮ ದೇಶದಲ್ಲಿ ಸಿಗುವ ಹಸಿರು ಚುಕ್ಕಿಯ ಚೀಸ್‌ಗಳಿಗೆ ಸೂಕ್ಷ್ಮಜೀವಿಗಳಿಂದ ಬಂದ ಕಿಣ್ವ ಹಾಕಿರುತ್ತಾರೆ. ನಾನು ಕೇಳಿದಾಗ ಪ್ಯಾಕೆಟ್ಟನ್ನೇ ತಂದು ತೋರಿಸಿದರು, ಹಸಿರು ಚುಕ್ಕಿ ಇತ್ತು. ನೀವೂ ಸಂಕೋಚ ಪಡದೆ ಕೇಳಿ.

ಬಿಲ್ ಬಂದಾಗಲೂ ಒಮ್ಮೆ ನೋಡಿ. ಜಿಎಸ್‌ಟಿ 5% ಕೊಡಲೇಬೇಕು, ಅದು ಎರಡೂವರೆ ಎರಡೂವರೆ ಆಗಿ ಎರಡು ಸಾಲಿನಲ್ಲಿರುತ್ತದೆ. ಸರ್ವಿಸ್ ಚಾರ್ಜ್ ಹಾಗಲ್ಲ. ಅದನ್ನು ತಾವಾಗೇ ಬಿಲ್‌ಗೆ ಸೇರಿಸಬಾರದು ಅಂತ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ನಮ್ಮ ಭಾನುವಾರದ ಬಿಲ್‌ನಲ್ಲಿ ಇತ್ತು. ಹೇಳಿದ ತಕ್ಷಣ ತೆಗೆದರು. ಆ ದುಡ್ಡನ್ನು ನಾನು ಹುಡುಗನ ಕೈಗೇ ಕೊಟ್ಟೆ.

ನಿಮ್ಮ ಎಂಟು ಜನಕ್ಕೆ ನಾನಾದರೆ ಹೀಗೆ ಮಾಡುತ್ತೇನೆ. ಆ ಭಾನುವಾರವೇ ಬೇಕು ಅಂದರೆ ರಾತ್ರಿ ಬದಲು ಮಧ್ಯಾಹ್ನ, ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಹಿಂದಿನ ದಿನ ಫೋನ್ ಮಾಡಿ ಎಂಟು ಜನ ಅಂತ ತಿಳಿಸಿ. ಎಂಟು ಬಗೆ ಹೇಳಬೇಡಿ. ಎರಡು ಪಿಜ್ಜಾ, ಎರಡು ಬಗೆಯ ಪಾಸ್ತಾ ಎರಡೆರಡು ತಟ್ಟೆ, ಒಂದು ಸೂಪ್. ಎಲ್ಲಾ ನಡುವೆ ಇಟ್ಟು ಹಂಚಿಕೊಳ್ಳಿ. ಪಿಜ್ಜಾ ಒಂದೇ ಸರದಿಯಲ್ಲಿ ಮುಗಿಯುತ್ತದೆ, ಎಲ್ಲರೂ ಒಟ್ಟಿಗೆ ತಿನ್ನಬಹುದು. ವೈಟ್ ಸಾಸ್ ಬದಲು ಟೊಮೇಟೊ ಸಾಸ್ ಹೇಳಿ, ಫೋಟೊ ತೆಗೆಯುವಷ್ಟರಲ್ಲಿ ಸ್ವಲ್ಪ ಆರಿದರೂ ಅದು ಮುದ್ದೆ ಆಗಲ್ಲ. ಇನ್ನೊಂದು ಆಲ್ಯೊ ಓಲಿಯೊ ಇರಲಿ. ರಿಸೊಟ್ಟೊ, ಲಸಾನ್ಯಾ ಬೇಡ. ಎರಡೂ ಒಂದೊಂದು ಸಲ ತಿಂದೆ, ಎರಡೂ ಸಲ ಚೆನ್ನಾಗಿರಲಿಲ್ಲ. ಕೊನೆಗೆ ತಿರಾಮಿಸು ಅನ್ನುವ ಸಿಹಿ ತರಿಸಬಹುದು, ಅದನ್ನು ಮೊದಲೇ ಮಾಡಿ ಫ್ರಿಜ್‌ನಲ್ಲಿ ಇಟ್ಟಿರುತ್ತಾರೆ, ಎಷ್ಟೇ ರಶ್ ಇದ್ದರೂ ಕೆಡಲ್ಲ. ಅದರಲ್ಲಿ ಹಸಿ ಮೊಟ್ಟೆ ಹಾಕುವ ಪದ್ಧತಿ ಇದೆ, ಮೊಟ್ಟೆ ತಿನ್ನದವರಿದ್ದರೆ ಕೇಳಿಕೊಳ್ಳಿ.

ಏಸಿ ಎದುರಿನ ಉದ್ದ ಮೇಜು ಕೊಟ್ಟರೆ ಒಪ್ಪಬೇಡಿ, ಗಾಳಿ ನೇರ ತಟ್ಟೆ ಮೇಲೆ ಬೀಸುತ್ತದೆ. ಅಡುಗೆಮನೆಯ ಗಾಜಿನ ಪಕ್ಕದ ಎರಡು ಮೇಜು ಜೋಡಿಸಿಕೊಡಿ ಅಂತ ಕೇಳಿ. ಅಪ್ಪ-ಅಮ್ಮನನ್ನು ಗಾಜಿಗೆ ಮುಖ ಮಾಡಿ ಕೂರಿಸಿ.