ಗರ್ಭಪಾತದ ಹಕ್ಕಿನ ಪರ ಇರುವ ಅಭ್ಯರ್ಥಿಗೆ ಕ್ರೈಸ್ತರು ಓಟು ಹಾಕಿದರೆ ಪಾಪವೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇದೆ. ಅಮೆರಿಕದ ಕ್ರೈಸ್ತರು ಗರ್ಭಪಾತ ಒಂದನ್ನೇ ನೋಡಿ ಓಟು ಹಾಕುತ್ತಾರಾ? ಗರ್ಭಪಾತದ ಹಕ್ಕು ಬೇಕು ಅನ್ನುವ ಅಭ್ಯರ್ಥಿಗೆ ಓಟು ಹಾಕಿದರೆ ಅವರ ಧರ್ಮದ ಪ್ರಕಾರ ಅದು ಪಾಪವಾ?

ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಹಾಕಿದ ಮಾತ್ರಕ್ಕೆ ಪಾಪ ಅಲ್ಲ. ಯಾಕೆ ಹಾಕಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನಾನು ಕಾರ್ಕಳದ ಕಡೆಯ ಕಥೋಲಿಕ ಮನೆಯವಳು. ಈಗ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿದ್ದೇನೆ, ಇಲ್ಲಿನ ಪೌರತ್ವ ತೆಗೆದುಕೊಂಡು ಓಟು ಹಾಕುತ್ತೇನೆ. ಗರ್ಭದಲ್ಲಿರುವುದು ಮನುಷ್ಯ ಜೀವ, ಅದನ್ನು ತೆಗೆಯುವುದು ತಪ್ಪು ಅಂತ ಮನಸಾರೆ ನಂಬಿದ್ದೇನೆ. ಮುಂದಿನದ್ದನ್ನು ಓದುವಾಗ ಇದು ನೆನಪಿರಲಿ.

2004ರಲ್ಲಿ ಈ ಜಗಳ ಇದೇ ಊರಿನಲ್ಲಿ ಜೋರಾಗಿತ್ತು. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜಾನ್ ಕೆರ್ರಿ ಕಥೋಲಿಕ, ಆದರೆ ಗರ್ಭಪಾತದ ಹಕ್ಕಿನ ಪರ. ಆಗ ಸೇಂಟ್ ಲೂಯಿಸ್‌ನ ಆರ್ಚ್‌ಬಿಷಪ್ ಆಗಿದ್ದ ರೇಮಂಡ್ ಬರ್ಕ್, ಕೆರ್ರಿ ಬಂದರೆ ಪರಮಪ್ರಸಾದ (ಪೂಜೆಯಲ್ಲಿ ಭಕ್ತರಿಗೆ ಕೊಡುವ ಪವಿತ್ರ ರೊಟ್ಟಿ) ಕೊಡುವುದಿಲ್ಲ ಅಂದರು. ಹಾಗಾದರೆ ಅಂಥವರಿಗೆ ಓಟು ಹಾಕುವ ಸಾಮಾನ್ಯ ಭಕ್ತರ ಕಥೆ ಏನು? ಅದೇ ವರ್ಷ ಕಾರ್ಡಿನಲ್ ರಾಟ್ಜಿಂಗರ್ ರೋಮ್‌ನಿಂದ ಅಮೆರಿಕದ ಬಿಷಪ್‌ಗಳಿಗೆ ಒಂದು ಚಿಕ್ಕ ಟಿಪ್ಪಣಿ ಕಳಿಸಿದರು. ಮರುವರ್ಷ ಪೋಪ್ ಬೆನೆಡಿಕ್ಟ್ ಆದವರು ಅವರೇ. ಟಿಪ್ಪಣಿಯ ಕೊನೆಯಲ್ಲಿದ್ದ ಮಾತಿನ ಸಾರ ಇಷ್ಟು: ಅಭ್ಯರ್ಥಿ ಗರ್ಭಪಾತದ ಪರ ಇದ್ದಾನೆ ಅನ್ನುವ ಕಾರಣಕ್ಕೇ ಓಟು ಹಾಕಿದರೆ ನೀನೂ ಆ ಪಾಪದಲ್ಲಿ ಪಾಲುದಾರ. ಆತನ ಆ ನಿಲುವನ್ನು ಒಪ್ಪದೆ ಬೇರೆ ಕಾರಣಕ್ಕೆ ಹಾಕಿದರೆ ಅದು ಆ ಪಾಪಕ್ಕೆ ದೂರದಿಂದ ಆದ ಸಹಕಾರ ಮಾತ್ರ. ತಕ್ಕ ಕಾರಣವಿದ್ದರೆ ಅದಕ್ಕೆ ಅವಕಾಶ ಉಂಟು.

ತಕ್ಕ ಕಾರಣ ಅಂದರೆ ಯಾವುದು? ಇಪ್ಪತ್ತು ವರ್ಷದಿಂದ ಇಲ್ಲಿನ ಕಥೋಲಿಕರು ಜಗಳ ಆಡುತ್ತಿರುವುದು ಅದಕ್ಕೇ. ನಮ್ಮ ಚರ್ಚಿನಲ್ಲಿ ಒಬ್ಬ ಹಿರಿಯ ಹೆಂಗಸಿದ್ದಾರೆ. ಕ್ಲಿನಿಕ್ ಎದುರು ಮಳೆ ಚಳಿ ನೋಡದೆ ಜಪಸರ ಹಿಡಿದು ನಿಲ್ಲುವವರು. ಪೂಜೆ ಮುಗಿದ ಮೇಲೆ ಅವರ ಕಾರಿನ ಡಿಕ್ಕಿ ನೋಡಬೇಕು: ಡೈಪರ್ ಕಟ್ಟುಗಳು, ಹಾಲಿನ ಪುಡಿ ಡಬ್ಬಿ, ಯಾರೋ ಕೊಟ್ಟ ತೊಟ್ಟಿಲು. ಗಂಡ ಬಿಟ್ಟುಹೋದ ಬಸುರಿಯರಿಗೆ ಬಾಡಿಗೆ ಕಟ್ಟಲು ದುಡ್ಡು ಒಟ್ಟು ಮಾಡುತ್ತಾರೆ. ಅವರು ಕೇಳುವುದು ಒಂದೇ ಪ್ರಶ್ನೆ: "ವರ್ಷಕ್ಕೆ ಹತ್ತು ಲಕ್ಷ ಜೀವ ಹೋಗುತ್ತಿರುವಾಗ ಅದಕ್ಕೆ ಸರಿದೂಗುವ ಕಾರಣ ಇನ್ಯಾವುದು?" ಈ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಇಂಥವರನ್ನು ಮತಾಂಧರು ಅಂತ ಕರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಆದರೂ ನಾನು ಅವರ ಹಾಗೆ ಓಟು ಹಾಕುವುದಿಲ್ಲ. ತಪ್ಪು ಎಷ್ಟು ದೊಡ್ಡದು ಅನ್ನುವುದು ಒಂದು ಮಾತು. ನನ್ನ ಓಟಿನಿಂದ ಅದು ಎಷ್ಟು ಕಮ್ಮಿ ಆಗುತ್ತದೆ ಅನ್ನುವುದು ಬೇರೆಯೇ ಮಾತು. ಚುನಾವಣೆ ಬಂದಾಗ ಚರ್ಚುಗಳಲ್ಲಿ ಮೊದಲನೆಯದನ್ನು ಮಾತ್ರ ಹೇಳುತ್ತಾರೆ. ಎರಡನೆಯದನ್ನೂ ತೂಗಬೇಕಲ್ವಾ?

ಅಂಕಿ ಅಂಶ ನೋಡಿ. 1990ರಲ್ಲಿ ಅಮೆರಿಕದಲ್ಲಿ ಸುಮಾರು 16 ಲಕ್ಷ ಗರ್ಭಪಾತ ಆಗಿತ್ತು. 2017ರ ಹೊತ್ತಿಗೆ ಅದು 8.6 ಲಕ್ಷಕ್ಕೆ ಇಳಿದಿತ್ತು. ಅಷ್ಟೂ ವರ್ಷ ಅದು ಕಾನೂನುಬದ್ಧವೇ. ಎರಡೂ ಪಕ್ಷದ ಅಧ್ಯಕ್ಷರು ಬಂದು ಹೋದರು, ಸಂಖ್ಯೆ ಇಳಿಯುತ್ತಲೇ ಇತ್ತು. ಆಮೇಲೆ 2022ರ ಜೂನ್ 24ರಂದು ಸುಪ್ರೀಂ ಕೋರ್ಟ್, ಗರ್ಭಪಾತವನ್ನು ದೇಶಕ್ಕೆಲ್ಲ ಹಕ್ಕು ಮಾಡಿದ್ದ 1973ರ ರೋ ತೀರ್ಪನ್ನು ರದ್ದು ಮಾಡಿತು. ಹೋರಾಟಗಾರರು ಐವತ್ತು ವರ್ಷ ಕಾದಿದ್ದ ದಿನ. ಟ್ರಂಪ್ ನೇಮಿಸಿದ ಮೂವರು ನ್ಯಾಯಮೂರ್ತಿಗಳಿಲ್ಲದೆ ಅದು ಆಗುತ್ತಿರಲಿಲ್ಲ, ಹಾಗಾಗಿ ಅವರ ಓಟು ಕೆಲಸ ಮಾಡಲಿಲ್ಲ ಅಂತ ಯಾರೂ ಹೇಳುವಂತಿಲ್ಲ. ತೀರ್ಪು ಬಂದು ಕೆಲವೇ ನಿಮಿಷಗಳಲ್ಲಿ ಮಿಸೌರಿಯಲ್ಲಿ ನಿಷೇಧ ಜಾರಿಗೆ ಬಂತು, ದೇಶದಲ್ಲೇ ಮೊದಲು. ಆದರೆ 2023ರಲ್ಲಿ ದೇಶದ ಒಟ್ಟು ಸಂಖ್ಯೆ 10 ಲಕ್ಷ ದಾಟಿತು. ನಮ್ಮ ಊರಿನಿಂದ ಮಿಸಿಸಿಪ್ಪಿ ಸೇತುವೆ ದಾಟಿದರೆ ಇಲಿನಾಯ್ ರಾಜ್ಯ. ಅಲ್ಲಿ ಗ್ರಾನೈಟ್ ಸಿಟಿಯಲ್ಲಿ, ಫೇರ್‌ವ್ಯೂ ಹೈಟ್ಸ್‌ನಲ್ಲಿ ಕ್ಲಿನಿಕ್‌ಗಳಿವೆ. ಕಾರಿನಲ್ಲಿ ಹೆಚ್ಚೆಂದರೆ ಅರ್ಧ ಗಂಟೆ. ಕಾರಿದ್ದವರು ಹೋದರು. ಕಾರಿಲ್ಲದವರು, ರಜೆ ಸಿಗದವರು ಉಳಿದರು. ಅವರ ಬಾಡಿಗೆ, ಆಸ್ಪತ್ರೆ ಖರ್ಚು, ಮಗು ನೋಡಿಕೊಳ್ಳುವವರು, ಇದಕ್ಕೆಲ್ಲ ಯಾವ ಪಕ್ಷ ಎಷ್ಟು ಕೊಡುತ್ತದೆ ಅನ್ನುವುದೂ ನನಗೆ ಗರ್ಭಪಾತದ ಪ್ರಶ್ನೆಯೇ.

ಇನ್ನೊಂದು ವಿಷಯ ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ಕಥೋಲಿಕ ಶ್ರೀಸಭೆ ಮೊದಲಿನಿಂದಲೂ ಗರ್ಭಪಾತದ ವಿರುದ್ಧ. ಆದರೆ ಇವತ್ತು ಅದರ ವಿರುದ್ಧ ಅತಿ ಗಟ್ಟಿಯಾಗಿ ನಿಂತಿರುವ ಸದರ್ನ್ ಬ್ಯಾಪ್ಟಿಸ್ಟರು (ಅಮೆರಿಕದ ದೊಡ್ಡ ಪ್ರೊಟೆಸ್ಟಂಟ್ ಪಂಗಡ) 1971ರಲ್ಲಿ, ಇದೇ ಸೇಂಟ್ ಲೂಯಿಸ್‌ನಲ್ಲಿ ಸಭೆ ಸೇರಿದ್ದಾಗ, ಅತ್ಯಾಚಾರ, ಭ್ರೂಣದ ತೀವ್ರ ಅಂಗವೈಕಲ್ಯ, ತಾಯಿಯ ದೈಹಿಕ ಮಾನಸಿಕ ಆರೋಗ್ಯಕ್ಕೆ ಅಪಾಯ ಇಂಥ ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಕಾನೂನು ಅವಕಾಶ ಕೊಡಬೇಕು ಅಂತ ನಿರ್ಣಯ ಮಾಡಿದ್ದರು. (ಭಾರತದ ಗರ್ಭಪಾತ ಕಾನೂನು ಬಂದದ್ದೂ ಅದೇ ವರ್ಷ. ನಮ್ಮಲ್ಲಿ ಅದು ಯಾವತ್ತೂ ಚುನಾವಣೆಯ ವಿಷಯ ಆಗಲೇ ಇಲ್ಲ.) 1979ರಲ್ಲಿ ಬ್ಯಾಪ್ಟಿಸ್ಟ್ ಪಾದ್ರಿ ಜೆರ್ರಿ ಫಾಲ್ವೆಲ್ ಮಾರಲ್ ಮೆಜಾರಿಟಿ ಅನ್ನುವ ಕ್ರೈಸ್ತ ರಾಜಕೀಯ ಸಂಘಟನೆ ಕಟ್ಟಿದರು. ಮರುವರ್ಷ ಸ್ವತಃ ಸದರ್ನ್ ಬ್ಯಾಪ್ಟಿಸ್ಟ್ ಆಗಿದ್ದ ಅಧ್ಯಕ್ಷ ಕಾರ್ಟರ್ ಅವರನ್ನು ಬಿಟ್ಟು ಆ ಗುಂಪು ಅವರ ಎದುರಾಳಿ ರೇಗನ್ ಹಿಂದೆ ಹೋಯಿತು. ಅಂದರೆ ಈ ವಿಷಯಕ್ಕೆ ಚುನಾವಣೆಯಲ್ಲಿ ಇಷ್ಟು ತೂಕ ಬಂದದ್ದು ಬೈಬಲ್ ಒಂದರಿಂದಲೇ ಅಲ್ಲ, ಪಕ್ಷ ಕಟ್ಟಿದವರ ಕೈಯೂ ಅದರಲ್ಲಿದೆ.

1999ರ ಜನವರಿಯಲ್ಲಿ ಪೋಪ್ ಜಾನ್ ಪಾಲ್ ಸೇಂಟ್ ಲೂಯಿಸ್‌ಗೆ ಬಂದಿದ್ದರು. ಗರ್ಭಪಾತದ ವಿರುದ್ಧ ಮಾತಾಡಿದ ಅದೇ ಪ್ರವಚನದಲ್ಲಿ ಮರಣದಂಡನೆಯೂ ಕ್ರೂರ, ಅದರ ಅಗತ್ಯ ಇಲ್ಲ ಅಂದರು. ಡ್ಯಾರೆಲ್ ಮೀಸ್ ಅನ್ನುವ ಕೈದಿಯ ಜೀವ ಉಳಿಸಿ ಅಂತ ಗವರ್ನರ್ ಮೆಲ್ ಕಾರ್ನಹನ್ ಅವರನ್ನು ಕೇಳಿಕೊಂಡರು. ಮರಣದಂಡನೆಯ ಪರ ಇದ್ದ ಆ ಬ್ಯಾಪ್ಟಿಸ್ಟ್ ಗವರ್ನರ್ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರು. ಅದೇ ಮಿಸೌರಿಯಲ್ಲಿ 2024ರ ಸೆಪ್ಟೆಂಬರ್ 24ರಂದು ಮಾರ್ಸೆಲಸ್ ವಿಲಿಯಮ್ಸ್‌ಗೆ ಮರಣದಂಡನೆ ಆಯಿತು. ಶಿಕ್ಷೆ ರದ್ದು ಮಾಡಿ ಅಂತ ಸೇಂಟ್ ಲೂಯಿಸ್ ಕೌಂಟಿಯ ಪ್ರಾಸಿಕ್ಯೂಟರೇ ಕೇಳಿದ್ದರು. ಕೊಲೆಯಾದವರ ಮನೆಯವರಿಗೂ ಆತ ಸಾಯುವುದು ಬೇಡವಾಗಿತ್ತು. ಕ್ಷಮೆ ನಿರಾಕರಿಸಿದ ಗವರ್ನರ್ ಮೈಕ್ ಪಾರ್ಸನ್, 2019ರಲ್ಲಿ ಗರ್ಭಪಾತ ನಿಷೇಧದ ಮಸೂದೆಗೆ ಸಹಿ ಹಾಕಿದವರು. ಜೀವ ಪವಿತ್ರ ಅಂತ ನಂಬುವ ಕ್ರೈಸ್ತಳಿಗೆ ಆ ವಾರ ಎಷ್ಟು ಕಷ್ಟ ಆಯಿತು ಅಂತ ಹೇಳಲಾರೆ. ಆ ಭಾನುವಾರ ನಮ್ಮ ಕಡೆ ಅದರ ಬಗ್ಗೆ ಒಂದು ಪ್ರಾರ್ಥನೆಯನ್ನೂ ಕೇಳಲಿಲ್ಲ.

ಅದಾದ ಆರು ವಾರಕ್ಕೆ, ನವೆಂಬರ್ 5ಕ್ಕೆ ಚುನಾವಣೆ. ಮತಪತ್ರದ ಮೇಲ್ಗಡೆ ಅಧ್ಯಕ್ಷರ ಹೆಸರು, ಎಷ್ಟೋ ಕೆಳಗೆ ಮೂರನೇ ತಿದ್ದುಪಡಿ. ಭ್ರೂಣ ತಾಯಿಯ ಗರ್ಭದ ಹೊರಗೂ ಬದುಕಬಲ್ಲ ಹಂತ ತಲುಪುವ ತನಕ ಗರ್ಭಪಾತ ರಾಜ್ಯ ಸಂವಿಧಾನದ ಹಕ್ಕು ಆಗಬೇಕೇ ಬೇಡವೇ ಅನ್ನುವುದು ಅಲ್ಲಿದ್ದ ಪ್ರಶ್ನೆ. ಅಲ್ಲಿ ನಾನು ಬೇಡ ಅಂತ ಗುರುತು ಹಾಕಿದೆ, ಯಾಕೆಂದರೆ ಅಲ್ಲಿ ಕೇಳಿದ್ದು ಗರ್ಭಪಾತದ ಪ್ರಶ್ನೆಯನ್ನೇ. ಅಧ್ಯಕ್ಷ ಸ್ಥಾನಕ್ಕೆ ಕಮಲಾ ಹ್ಯಾರಿಸ್‌ಗೆ ಹಾಕಿದೆ, ಅವರ ಗರ್ಭಪಾತದ ನಿಲುವು ನನಗೆ ಒಪ್ಪಿಗೆ ಇಲ್ಲದಿದ್ದರೂ. ವಲಸೆ ಬಂದ ಕುಟುಂಬಗಳನ್ನು ಒಡೆಯುವುದು, ಬಡವರ ಆರೋಗ್ಯ ವಿಮೆ ಕತ್ತರಿಸುವುದು, ಇವು ಆ ಕುರ್ಚಿಯಲ್ಲಿ ಕೂತವರ ಕೈಯಲ್ಲಿ ನೇರವಾಗಿ ಇರುವ ವಿಷಯಗಳು. ನನಗೆ ತಕ್ಕ ಕಾರಣ ಅನ್ನಿಸಿದ್ದು ಅವು. ಚುನಾವಣೆಗೆ ಎರಡು ತಿಂಗಳ ಮುಂಚೆ ಪೋಪ್ ಫ್ರಾನ್ಸಿಸ್ ಸಿಂಗಾಪುರದಿಂದ ವಾಪಸ್ಸು ಹೋಗುವಾಗ ಹೇಳಿದ್ದೂ ಇದನ್ನೇ: ವಲಸಿಗರನ್ನು ಹೊರಗೆ ಹಾಕುವವರು, ಶಿಶುಗಳನ್ನು ಕೊಲ್ಲುವವರು, ಇಬ್ಬರೂ ಜೀವಕ್ಕೆ ವಿರುದ್ಧ, ಕಡಿಮೆ ಕೆಡುಕು ಯಾವುದು ಅಂತ ಪ್ರತಿಯೊಬ್ಬರೂ ತಮ್ಮ ಮನಸ್ಸಾಕ್ಷಿ ಕೇಳಿ ತೀರ್ಮಾನಿಸಲಿ.

ಮಿಸೌರಿಯ ಫಲಿತಾಂಶ ನನ್ನ ಮತಪತ್ರಕ್ಕೆ ತಲೆಕೆಳಗು. ಟ್ರಂಪ್‌ಗೆ ಶೇ. 58ಕ್ಕೂ ಜಾಸ್ತಿ, ಗರ್ಭಪಾತದ ಹಕ್ಕಿಗೆ ಶೇ. 51.6. ಅಂದರೆ ಟ್ರಂಪ್‌ಗೆ ಹಾಕಿದವರಲ್ಲೇ ಲಕ್ಷಾಂತರ ಮಂದಿ ಹಕ್ಕಿಗೂ ಹೌದು ಅಂದಿದ್ದಾರೆ. ಅವರಲ್ಲಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರೂ ಇದ್ದಾರೆ, ನನಗೆ ಪರಿಚಯದವರೇ. ನಿಮ್ಮ ಮೊದಲ ಪ್ರಶ್ನೆಗೆ ಇದೇ ಉತ್ತರ. ಗರ್ಭಪಾತ ಒಂದನ್ನೇ ನೋಡುವವರು ಇದ್ದಾರೆ, ಆದರೆ ಹೊರಗಿನಿಂದ ಕಾಣುವಷ್ಟು ಜನ ಇಲ್ಲ.

ಬೇಡ ಅಂತ ಗುರುತು ಹಾಕುವಾಗ ನನ್ನ ಕೈ ಹಗುರ ಇರಲಿಲ್ಲ. ನಾನು ಉಳಿಸಲು ಹೊರಟಿದ್ದ ಆ ನಿಷೇಧದಲ್ಲಿ ಅತ್ಯಾಚಾರಕ್ಕೆ ಒಳಗಾದವರಿಗೂ ವಿನಾಯಿತಿ ಇರಲಿಲ್ಲ. ತುರ್ತು ಪರಿಸ್ಥಿತಿ ಅಂದರೆ ಯಾವುದು ಅಂತ ವೈದ್ಯರು ವಕೀಲರನ್ನು ಕೇಳಬೇಕಾದ ಸ್ಥಿತಿ. ಆಗ ನೆನಪಾದವರು ಸವಿತಾ ಹಾಲಪ್ಪನವರ್. ಬೆಳಗಾವಿಯ ಹುಡುಗಿ, ದಂತವೈದ್ಯೆ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೆಯಲ್ಲಿ 17 ವಾರದ ಗರ್ಭ ನಿಲ್ಲುವುದಿಲ್ಲ ಅಂತ ಗೊತ್ತಾದರೂ, ಭ್ರೂಣದ ಹೃದಯ ಬಡಿಯುತ್ತಿದೆ ಅಂತ ವೈದ್ಯರು ಕಾದರು. ನಂಜೇರಿ ಆಕೆ ತೀರಿಕೊಂಡರು. ಆರು ವರ್ಷದ ನಂತರ ಐರ್ಲೆಂಡಿನಲ್ಲಿ ಮತ ಹಾಕಿದ ಮೂರನೇ ಎರಡರಷ್ಟು ಜನ ಗರ್ಭಪಾತವನ್ನು ತಡೆಯುತ್ತಿದ್ದ ಸಂವಿಧಾನದ ವಿಧಿಯನ್ನು ಕಿತ್ತುಹಾಕಿದರು. ಅವರಲ್ಲೂ ಹೆಚ್ಚಿನವರು ಕಥೋಲಿಕರಾಗಿ ಹುಟ್ಟಿ ಬೆಳೆದವರೇ. ಮಗುವಿನ ಜೀವಕ್ಕೆ ಬರೆದ ಕಾನೂನು ತಾಯಿಯ ಜೀವ ತೆಗೆಯುವ ಹಾಗೆ ಇದ್ದರೆ ಅದನ್ನು ತಿದ್ದಿ ಅಂತ ಗಟ್ಟಿಯಾಗಿ ಕೇಳಬೇಕಾದವರು ನನ್ನಂಥವರೇ.

2026ರ ನವೆಂಬರ್‌ನಲ್ಲಿ ಮಿಸೌರಿಯಲ್ಲಿ ಈ ವಿಷಯ ಮತ್ತೆ ಮತಕ್ಕೆ ಬರಲಿದೆ. 2024ರಲ್ಲಿ ಗೆದ್ದ ಹಕ್ಕನ್ನು ತೆಗೆಯುವ ಪ್ರಸ್ತಾಪ. ಈ ಸಲ ತುರ್ತು ಪರಿಸ್ಥಿತಿಗೆ, ಅತ್ಯಾಚಾರದ ಪ್ರಕರಣಗಳಲ್ಲಿ 12 ವಾರದ ತನಕ ವಿನಾಯಿತಿ ಸೇರಿಸಿದ್ದಾರೆ. ಜೊತೆಗೆ ಮಕ್ಕಳ ಲಿಂಗ ಬದಲಾವಣೆ ಚಿಕಿತ್ಸೆಯ ನಿಷೇಧವನ್ನೂ ಅದೇ ಪ್ರಶ್ನೆಗೆ ಕಟ್ಟಿದ್ದಾರೆ. ಎರಡು ಬೇರೆ ವಿಷಯಗಳಿಗೆ ಒಂದೇ ಗುರುತು ಹಾಕಿಸುವುದು ನನಗೆ ಸರಿ ಕಾಣುತ್ತಿಲ್ಲ. ಪೂರ್ತಿ ಪಠ್ಯ ಓದುತ್ತಿದ್ದೇನೆ. ನಿಮ್ಮ ಪರಿಚಯದ ಕ್ರೈಸ್ತರು ಮಿಸೌರಿಯಲ್ಲಿದ್ದರೆ ಫಾದರ್ ಏನು ಹೇಳುತ್ತಾರೆ ಅಂತ ಕೇಳುವ ಮುಂಚೆ ಅದನ್ನು ಓದಲು ಹೇಳಿ.