ಪಿಎಸ್5 ಇರುವವರು ಪಿಎಸ್ ವಿಆರ್2 ಹೆಡ್‌ಸೆಟ್ ಕೊಳ್ಳಬಹುದೇ?

ಬಸವೇಶ್ವರನಗರದ ಒಂದು ಬೆಡ್‌ರೂಮಿನ ಬಾಡಿಗೆ ಮನೆ, ಎಂಟು ವರ್ಷದ ಮಗಳು, ಕಣ್ಣಿಗೆ ಕನ್ನಡಕ, ಮನೆಯಲ್ಲಿ ಈಗಾಗಲೇ ಪ್ಲೇಸ್ಟೇಷನ್ 5 (ಪಿಎಸ್5) ಗೇಮ್ ಯಂತ್ರ. ಹೀಗಿರುವಾಗ ಸೋನಿಯ ಪಿಎಸ್ ವಿಆರ್2 ಹೆಡ್‌ಸೆಟ್‌ಗೆ, ಅಂದರೆ ಪಿಎಸ್5ಗೆ ಜೋಡಿಸಿ ಕಣ್ಣಿಗೆ ತೊಟ್ಟರೆ ಆಟದ ಒಳಗೇ ಇದ್ದಂತೆ ತೋರಿಸುವ ವಿಆರ್ (ವರ್ಚುವಲ್ ರಿಯಾಲಿಟಿ) ಸಾಧನಕ್ಕೆ, ಹಣ ಹಾಕಬಹುದೇ ಎಂದು ಕೇಳಿದ್ದೀರಿ. ವಿಜಯನಗರದಲ್ಲಿ ಹೆಚ್ಚುಕಡಿಮೆ ನಿಮ್ಮಷ್ಟೇ ಜಾಗದ ಮನೆಯಲ್ಲಿ ನಾನು ಒಂದೂವರೆ ವರ್ಷದಿಂದ ಇದನ್ನು ಬಳಸುತ್ತಿದ್ದೇನೆ, ನಾನೂ ಕನ್ನಡಕದವನೇ. ಕಾರ್ ರೇಸಿಂಗ್ ಆಟ ನಿಮಗೆ ಅಚ್ಚುಮೆಚ್ಚಾಗಿದ್ದರೆ ಧಾರಾಳವಾಗಿ ಕೊಳ್ಳಿ, ಅಲ್ಲವಾದರೆ ಸದ್ಯಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ.

ಗ್ರ್ಯಾನ್ ಟುರಿಸ್ಮೊ 7 ಎಂಬ ಕಾರ್ ರೇಸಿಂಗ್ ಆಟಕ್ಕೆ ವಿಆರ್ ಸೌಲಭ್ಯ ಉಚಿತವಾಗಿ ಸಿಗುತ್ತದೆ. ಟಿವಿಯನ್ನು ಎರಡು ಭಾಗ ಮಾಡಿಕೊಂಡು ಇಬ್ಬರು ಆಡುವ ವಿಧಾನವೊಂದನ್ನು ಬಿಟ್ಟರೆ ಉಳಿದೆಲ್ಲ ರೇಸುಗಳನ್ನೂ ಚಾಲಕನ ಸೀಟಿನಲ್ಲಿ ಕುಳಿತೇ ಓಡಿಸಬಹುದು. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನ 20 ಕಿಲೋಮೀಟರಿಗೂ ಉದ್ದದ ಹಾದಿಯನ್ನು ನಾನು ಟಿವಿಯಲ್ಲಿ ನೂರಾರು ಸಲ ಸುತ್ತಿದ್ದೆ, ಆದರೆ ಅದರ ಏರಿಳಿತ ಇಷ್ಟು ಕಡಿದಾಗಿದೆ ಎಂದು ಗೊತ್ತಾಗಿದ್ದು ಹೆಡ್‌ಸೆಟ್ ತೊಟ್ಟ ಮೇಲೆಯೇ. ನಂದಿ ಬೆಟ್ಟದಿಂದ ಇಳಿಯುವಾಗ ತಿರುವು ಬರುವುದಕ್ಕೆ ಮೊದಲೇ ಕತ್ತು ಆ ಕಡೆ ಹೊರಳುತ್ತದಲ್ಲವೇ, ಇಲ್ಲಿಯೂ ಹಾಗೆಯೇ ಕತ್ತು ತಾನಾಗಿ ಹೊರಳುತ್ತದೆ. ರಸ್ತೆಯ ಒಳ ಅಂಚು ಎಷ್ಟು ದೂರದಲ್ಲಿದೆ, ಬ್ರೇಕನ್ನು ಎಲ್ಲಿ ಒತ್ತಬೇಕು ಎಂಬುದನ್ನು ಕಣ್ಣೇ ಅಳೆದು ಹೇಳುತ್ತದೆ. ಪಕ್ಕದ ಕಾರು ಎಷ್ಟು ಹತ್ತಿರ ಬಂದಿದೆ ಎಂದು ತಿರುಗಿ ನೋಡಿದರೆ ಅದರ ಬಾಗಿಲು ಕೈಗೆ ತಾಗುವಂತೆ ಕಾಣಿಸುತ್ತದೆ. ಅಂದಿನಿಂದ ನಾನು ಆ ಆಟವನ್ನು ಟಿವಿಯಲ್ಲಿ ಒಮ್ಮೆಯೂ ಆಡಿಲ್ಲ. ಕುಳಿತು ಆಡುವ ಆಟವಾದ್ದರಿಂದ ಜಾಗದ ಚಿಂತೆಯೂ ಇಲ್ಲ, 4.5 ಮೀಟರಿನ ಕೇಬಲ್ ಕಾಲಿಗೆ ಸಿಕ್ಕಿಕೊಳ್ಳುವುದೂ ಇಲ್ಲ.

ಇದಕ್ಕೆ ಸರಿಸಾಟಿಯಾದ ಆಟಗಳು ಹೆಚ್ಚಿಲ್ಲ ಎಂಬುದೇ ನನ್ನ ನಿಜವಾದ ಕೊರಗು. 2023ರ ಫೆಬ್ರವರಿ 22ರಂದು ಹೊರಬಂದ ಈ ಸಾಧನದ ಯಂತ್ರಾಂಶಕ್ಕೆ ಹೆಸರಿಡುವಂತಿಲ್ಲ: ಒಂದೊಂದು ಕಣ್ಣಿಗೂ 2000x2040 ಪಿಕ್ಸೆಲ್‌ಗಳ ಓಎಲ್‌ಇಡಿ ಪರದೆ, ಜೊತೆಗೆ ನೀವು ಎತ್ತ ನೋಡುತ್ತಿದ್ದೀರಿ ಎಂದು ಗುರುತಿಸಿ ಆ ಭಾಗವನ್ನು ಮಾತ್ರ ಹೆಚ್ಚು ಸ್ಪಷ್ಟವಾಗಿ ಚಿತ್ರಿಸುವ ವ್ಯವಸ್ಥೆ. ಆದರೆ 2016ರ ಹಳೆಯ ಪಿಎಸ್ ವಿಆರ್ ಆಟಗಳು ಇದರಲ್ಲಿ ನೇರವಾಗಿ ಓಡುವುದಿಲ್ಲ, ಮತ್ತು ವಿಆರ್ ಆಟಗಳನ್ನು ಮಾಡುತ್ತಿದ್ದ ತನ್ನದೇ ಲಂಡನ್ ಸ್ಟುಡಿಯೋವನ್ನು ಸೋನಿ 2024ರಲ್ಲಿ ಮುಚ್ಚಿತು. ಭಯಾನಕ ಆಟ ಇಷ್ಟಪಡುವವರಿಗೆ ರೆಸಿಡೆಂಟ್ ಈವಿಲ್ ಸರಣಿಯ ವಿಲೇಜ್ ಮತ್ತು 4 ಇವೆ. ಆಟ ನಿಮ್ಮಲ್ಲಿದ್ದರೆ ಅವುಗಳ ವಿಆರ್ ಭಾಗ ಉಚಿತ. ಇನ್ನು ಸಿನಿಮಾ ನೋಡಲೆಂದು ಇದನ್ನು ಖಂಡಿತ ಕೊಳ್ಳಬೇಡಿ. ಸಾಮಾನ್ಯ ವಿಡಿಯೋ ಇದರಲ್ಲಿ 1920x1080ರಲ್ಲಿ ಮಾತ್ರ ಕಾಣುತ್ತದೆ, ನಿಮ್ಮ ಮನೆಯ ಟಿವಿ ಅದಕ್ಕಿಂತ ಚೆನ್ನಾಗಿರುತ್ತದೆ.

ನಿಂತು ಓಡಾಡುವ ಆಟಗಳಿಗೆ ಕನಿಷ್ಠ ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಖಾಲಿ ಜಾಗ ಬೇಕು. ನಮ್ಮ ಹಾಲಿನಲ್ಲಿ ಸೋಫಾ ಮತ್ತು ದಿವಾನ್ ಸರಿಸಿದರೆ ಅಷ್ಟು ಸಿಗುತ್ತದೆ, ಆದರೆ ಪ್ರತಿ ಸಲ ಸರಿಸುವುದು ಯಾರಿಂದಾಗುತ್ತದೆ? ಒಂದು ಸಂಜೆ ಸರಿಸದೆಯೇ ಆಡಲು ಹೋಗಿ ಶೋಕೇಸಿನ ಅಂಚಿಗೆ ಗೆಣ್ಣು ಬಡಿದು, ವಾರವಿಡೀ ಕೈ ಊದಿಕೊಂಡಿತ್ತು. ಆಮೇಲೆ ನಾನು ಅಂಥ ಆಟಗಳನ್ನೇ ಬಿಟ್ಟೆ.

ಕನ್ನಡಕದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಚಿತ್ರ ಮಸುಕಾಗಿದೆ ಎಂದು ದೂರುವವರಲ್ಲಿ ಬಹಳ ಮಂದಿ ಅದನ್ನು ಸರಿಯಾಗಿ ತೊಟ್ಟಿರುವುದಿಲ್ಲ. ಇದರ ಫ್ರೆನೆಲ್ ಮಸೂರಗಳಲ್ಲಿ (ಮೇಲ್ಮೈಯಲ್ಲಿ ಉಂಗುರದಂಥ ಗೆರೆಗಳಿರುವ ತೆಳು ಮಸೂರಗಳು) ನಟ್ಟನಡುವಿನ ಸಣ್ಣ ಭಾಗ ಮಾತ್ರ ಚೊಕ್ಕವಾಗಿ ಕಾಣುತ್ತದೆ. ಹಿಂದಿನ ಪಟ್ಟಿಯನ್ನು ತಲೆಯ ಹಿಂಬದಿಯಲ್ಲಿ ಸಾಕಷ್ಟು ಕೆಳಕ್ಕೆ ಕೂರಿಸಿ, ಗುಂಡಿ ತಿರುಗಿಸಿ ಬಿಗಿ ಮಾಡಿ, ಮುಂಭಾಗವನ್ನು ಕನ್ನಡಕಕ್ಕೆ ತಾಗದಷ್ಟು ಹಿಂದಕ್ಕೆ ತಂದು, ಕಡೆಗೆ ಎಡ ಮೇಲ್ತುದಿಯ ತಿರುಪಿನಿಂದ ಎರಡು ಮಸೂರಗಳ ಅಂತರವನ್ನು ನಿಮ್ಮ ಕಣ್ಣುಗಳಿಗೆ ಹೊಂದಿಸಬೇಕು. ಒಂದೆರಡು ಮಿಲಿಮೀಟರ್ ತಪ್ಪಿದರೂ ಅಕ್ಷರಗಳ ಅಂಚು ಕದಡುತ್ತದೆ. ಕನ್ನಡಕದ ಚೌಕಟ್ಟು ಅಗಲವಾಗಿದ್ದರೆ ಮೊದಲು ಹಾಕಿ ನೋಡಿಯೇ ತೀರ್ಮಾನಿಸಿ. ಬಳಸದಿರುವಾಗ ಕಿಟಕಿಯ ಬಳಿ ಇಡಲೇಬೇಡಿ. ಬಿಸಿಲು ಮಸೂರದ ಮೂಲಕ ಒಂದೇ ಕಡೆ ಬಿದ್ದು ಪರದೆಯನ್ನು ಸುಟ್ಟುಬಿಡಬಲ್ಲದು. ನಾನು ಆಟ ಮುಗಿದ ಕೂಡಲೇ ಹಳೆಯ ಹತ್ತಿಯ ಟವೆಲಿನಲ್ಲಿ ಸುತ್ತಿ ಬೀರುವಿನೊಳಗೆ ಇಡುತ್ತೇನೆ.

ತಲೆಸುತ್ತು, ಓಕರಿಕೆ ಅನೇಕರಿಗೆ ಆಗುತ್ತದೆ. ಕಣ್ಣು ಓಡುತ್ತಿದ್ದೇವೆ ಎನ್ನುತ್ತದೆ, ಒಳಗಿವಿ ಕುಳಿತಿದ್ದೇವೆ ಎನ್ನುತ್ತದೆ; ಆ ತಿಕ್ಕಾಟವೇ ಇದಕ್ಕೆ ಕಾರಣ. ಮೊದಲ ವಾರ ಹತ್ತು ನಿಮಿಷ ಮೀರಬೇಡಿ, ಹೊಟ್ಟೆ ತೊಳಸಿದಂತಾದರೆ ಇನ್ನೊಂದು ಸುತ್ತು ಎಂದು ಹಟ ಹಿಡಿಯದೆ ಆ ಕ್ಷಣವೇ ತೆಗೆದುಬಿಡಿ. ನನಗೆ ಮೂರು ವಾರ ಹಿಡಿಯಿತು. ನನ್ನ ಗೆಳೆಯನೊಬ್ಬನಿಗೆ ಎಷ್ಟು ದಿನವಾದರೂ ಒಗ್ಗಲೇ ಇಲ್ಲ, ಅವನು ಮಾರಿಬಿಟ್ಟ. ಆದ್ದರಿಂದಲೇ, ಯಾರಲ್ಲಾದರೂ ಒಂದು ಗಂಟೆ ಆಡಿ ನೋಡದೆ ಹಣ ಕೊಡಬೇಡಿ ಎನ್ನುತ್ತೇನೆ.

ಅಮೆರಿಕದಲ್ಲಿ ಆರಂಭದಲ್ಲಿ ಸುಮಾರು 550 ಡಾಲರ್ ಇದ್ದ ಬೆಲೆಯನ್ನು 2025ರ ಮಾರ್ಚ್‌ನಲ್ಲಿ 400 ಡಾಲರಿಗೆ ಇಳಿಸಿದರು. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಲ್ಲಾಗಲಿ ಬೇರೆಲ್ಲಾದರಾಗಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ, ಮೊಬೈಲಿನ ಬೆಳಕು ಬಿಟ್ಟು ಮಸೂರದ ಮೇಲೆ ಗೀರುಗಳಿವೆಯೇ ನೋಡಿ, ಕೇಬಲ್ ಮಡಿಚಿದೆಯೇ ಎಂದು ಉದ್ದಕ್ಕೂ ಬೆರಳಾಡಿಸಿ, ಪರದೆಯನ್ನು ಪೂರ್ತಿ ಕಪ್ಪು ದೃಶ್ಯದಲ್ಲಿ ಪರೀಕ್ಷಿಸಿ. ಒಳ್ಳೆಯ ಗೇಮಿಂಗ್ ಕಂಪ್ಯೂಟರ್ ಇದ್ದರೆ, 2024ರಲ್ಲಿ ಬಂದ ಅಡಾಪ್ಟರ್ ಹಾಕಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ವಿಆರ್ ಆಟಗಳನ್ನೂ ಆಡಬಹುದು; ಆದರೆ ಅಲ್ಲಿ ಎಚ್‌ಡಿಆರ್ (ಬೆಳಕು-ನೆರಳಿನ ವ್ಯತ್ಯಾಸವನ್ನು ಚೆನ್ನಾಗಿ ತೋರಿಸುವ ವ್ಯವಸ್ಥೆ), ಕಣ್ಣಿನ ಚಲನೆ ಗುರುತಿಸುವುದು, ಹೆಡ್‌ಸೆಟ್‌ನ ಕಂಪನ ಇವು ಯಾವುವೂ ಇರುವುದಿಲ್ಲ.

ಮಗಳ ವಿಷಯ ಹೇಳುವುದಾದರೆ, 12 ವರ್ಷದೊಳಗಿನವರಿಗೆ ಇದು ಸಲ್ಲದು ಎಂದು ಸೋನಿಯೇ ಹೇಳಿದೆ, ಆದ್ದರಿಂದ ಎಷ್ಟೇ ಹಟ ಮಾಡಿದರೂ ಕೊಡಬೇಡಿ. ನಿಮಗೆ ಕಾಣುವುದು ಟಿವಿಯಲ್ಲಿಯೂ ಕಾಣುವುದರಿಂದ ಅವಳು ಪೂರ್ತಿ ಹೊರಗುಳಿಯುವುದಿಲ್ಲ. ನಮ್ಮ ಅಣ್ಣನ ಮಗನಿಗೂ ಇನ್ನೂ ಒಂಬತ್ತೇ ವರ್ಷ. ನಾನು ರೇಸಿಗೆ ಕುಳಿತಾಗ ಅವನು ದಿವಾನಿನ ಮೇಲೆ ಮಂಡಿಯೂರಿ, ಚಿಕ್ಕಪ್ಪ, ಮುಂದೆ ಎಡಕ್ಕೆ, ಬೇಗ ಬ್ರೇಕ್ ಹಾಕಿ ಎಂದು ಟಿವಿ ನೋಡಿಕೊಂಡು ಕೂಗಿ ಹೇಳುತ್ತಿರುತ್ತಾನೆ.