ಆ ಆಫರ್ ಒಪ್ಪುವ ಮುನ್ನ ಮೂರು ಪ್ರಶ್ನೆ

ಇಂಟರ್ನ್‌ಶಿಪ್‌ಗಾಗಿ 60 ಕಡೆ ಒಂದೇ ರೆಸ್ಯೂಮೆ ಕಳಿಸಿದರೂ ಉತ್ತರವಿಲ್ಲ, ಸಿಕ್ಕ ಒಂದೇ ಆಫರ್‌ನಲ್ಲಿ ‘ಮಾರ್ಕೆಟಿಂಗ್ ಸಪೋರ್ಟ್’ ಎಂದಷ್ಟೇ ಇದೆ, ಒಪ್ಪಲೇ ಎಂದು ಕೇಳಿದ್ದೀರಿ. ಈಗಲೇ ಒಪ್ಪಬೇಡಿ, ಕೈಬಿಡಲೂ ಬೇಡಿ. ಮೊದಲು ಅವರನ್ನು ಕೇಳಿ: ಯಾರ ಕೈಕೆಳಗೆ ಕೆಲಸ? 8ನೇ ವಾರದ ಕೊನೆಗೆ ನಾನು ಏನು ಒಪ್ಪಿಸಬೇಕು? ಅದನ್ನು ಯಾರು ಬಳಸುತ್ತಾರೆ? ಕೊನೆಯದಕ್ಕೆ ನೇರ ಉತ್ತರ ಬರದಿದ್ದರೆ ನಿಮ್ಮ ವರದಿ ಡ್ರಾಯರ್ ಸೇರುತ್ತದೆ ಎಂದೇ ತಿಳಿಯಿರಿ.

ಅಷ್ಟರಲ್ಲಿ ಹುಡುಕಾಟದ ದಾರಿ ಬದಲಿಸಿ. ಎಚ್‌ಆರ್ ಸಾಮಾನ್ಯವಾಗಿ ಇರುವ ಹುದ್ದೆ ತುಂಬುತ್ತಾರೆ, ಹೊಸ ಕೆಲಸ ಹುಟ್ಟಿಸುವುದಿಲ್ಲ. ತಂಡದ ಮುಖ್ಯಸ್ಥರ ಬಳಿ ಬಾಕಿ ಕೆಲಸ ರಾಶಿ ಇರುತ್ತದೆ, ಅದನ್ನು ಪ್ರಾಜೆಕ್ಟ್ ರೂಪಕ್ಕೆ ತರಲು ಪುರಸೊತ್ತಿರುವುದಿಲ್ಲ. ಆ ರೂಪ ನೀವೇ ಕೊಡಿ. 15 ಕಂಪನಿ ಸಾಕು. ಪ್ರತಿಯೊಂದರ ಗ್ರಾಹಕ ವಿಮರ್ಶೆಗಳಲ್ಲಿ 50 ಓದಿ, ದೂರುಗಳನ್ನು ವಿಂಗಡಿಸಿ, ಕಂಡದ್ದನ್ನು ಒಂದೇ ಪುಟದಲ್ಲಿ ಬರೆದು ಆ ಮುಖ್ಯಸ್ಥರಿಗೇ ಮೇಲ್ ಮಾಡಿ. ‘ಕಲಿಯುವ ಆಸಕ್ತಿ ಇದೆ’ ಎಂಬ ಸಾಲು ದಯವಿಟ್ಟು ಬೇಡ, ಎಲ್ಲರೂ ಅದನ್ನೇ ಬರೆಯುತ್ತಾರೆ. 7 ದಿನ ಬಿಟ್ಟು ಒಮ್ಮೆ ನೆನಪಿಸಿ, ಅಷ್ಟೇ.

ಅಂದಹಾಗೆ, ಇಂಟರ್ನ್‌ಶಿಪ್‌ಗೆ ನಿಮ್ಮಿಂದಲೇ ಹಣ ಕೇಳುವವರಿದ್ದರೆ ಆ ಮಾತು ಅಲ್ಲಿಗೇ ಮುಗಿಸಿ.